ಮೀನಿಲ್ಲದ ಡಬ್ಬಿ

ಅಂಬತ್ತೂರಿನ ಕಾರ್ಖಾನೆಯವರು ನನ್ನನ್ನು ತರಬೇತಿಗೆಂದು ಕೊರಿಯಾಕ್ಕೆ ಕಳಿಸಿದಾಗ, ರೂಮಿನ ಹಿಂದಿನ ಹಳೇ ಮಾರುಕಟ್ಟೆಯಲ್ಲಿ ಕಿಮ್ಚಿ ಮಾರುವ ಅಜ್ಜಿಯೊಬ್ಬರಿದ್ದರು. ಖಾರ ಹಚ್ಚಿ ಹುಳಿಬರಿಸಿದ ಕೋಸಿನ ಎಲೆಯನ್ನು ಗ್ಲೌಸಿನ ಕೈಯಲ್ಲೇ ಸೀಳಿ, ಹಾದುಹೋಗುವವರ ಬಾಯಿಗೆ ಹಿಡಿಯುತ್ತಿದ್ದರು. "ಮೊಗೊ, ಮೊಗೊ." ತಿನ್ನು ಎಂದರ್ಥ.

ನನಗೂ ಹಿಡಿದರು. ಅದರಲ್ಲಿ ಮೀನಿನ ರಸ ಇರುತ್ತದೆಂದು ಗೊತ್ತಿದ್ದ ನಾನು ಥಟ್ಟನೆ ಮುಖ ತಿರುಗಿಸಿದೆ. ಪಾಪ, ಅವರು ತಮ್ಮ ಕೈಯನ್ನೇ ಮೂಸಿ ನೋಡಿಕೊಂಡರು. ನಾಚಿಕೆಯಾಗಿ, ಫೋನಿನಲ್ಲಿ ಮೀನಿನ ಚಿತ್ರ ತೋರಿಸಿ ಕೈಮುಗಿದೆ.

ವಾರದ ಮೇಲೆ ತೋಳು ಹಿಡಿದು ನಿಲ್ಲಿಸಿದರು. ಬೇರೆ ಡಬ್ಬಿ, ಹೊಸ ಗ್ಲೌಸು. ಅಂಗೈಯನ್ನು ಮೀನಿನಂತೆ ಆಡಿಸಿ, ಇಲ್ಲವೆಂದು ತಲೆಯಾಡಿಸಿದರು. "ಮೊಗೊ." ಅವರ ಕೈಯಿಂದಲೇ ತಿಂದೆ.

ಪೆರಂಬೂರಿನ ಮನೆಯಲ್ಲಿ ಈ ಕತೆ ಕೇಳಿದ ಅಮ್ಮ ಮುಂದಿನ ಸಲಕ್ಕೆ ಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟರು. ಅಮ್ಮನ ಬಾಯಲ್ಲಿ ಅಜ್ಜಿಯರೆಲ್ಲ ತಮಿಳಿನ ಪಾಟಿಗಳೇ. "ಆ ಪಾಟಿಗೆ ಕೊಡು ಕಣೋ. ಇದ್ರಲ್ಲೂ ಮೀನಿಲ್ಲ ಅಂತ ಹೇಳು."

ಎರಡು ವರ್ಷದ ಮೇಲೆ ಅದನ್ನು ಹಿಡಿದು ಮತ್ತೆ ಆ ಮಾರುಕಟ್ಟೆಗೆ ಹೋದೆ. ಅಜ್ಜಿಯ ಜಾಗದಲ್ಲಿ ಮಗಳು ಕೂತಿದ್ದರು. ಹೋದ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡಿದ್ದರು. ಫೋನಿನ ಅನುವಾದದಲ್ಲಿ ನನ್ನ ಕತೆ ಓದಿದ ಮಗಳು, ಮೇಜಿನಡಿಯಿಂದ ಒಂದು ಡಬ್ಬಿ ಎತ್ತಿ ತೋರಿಸಿದರು. ಮುಚ್ಚಳದ ಮೇಲೆ ಪೆನ್ನಿನಲ್ಲಿ ಬರೆದ ಮೀನು, ಅದರ ಮೇಲೊಂದು ಅಡ್ಡಗೆರೆ. ಕೊನೆಯವರೆಗೂ ಅಜ್ಜಿ ಅದನ್ನು ತುಂಬಿಸಿಡುತ್ತಿದ್ದರಂತೆ. ಯಾರಿಗೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ.