ಅರ್ಥವಾಗದ ಭಾಷೆಯ ಸೌಂಡ್ ಚೆಕ್

ದುಬೈಯ ಒಂದು ಹೋಟೆಲಿನಲ್ಲಿ ನಾನು ಹನ್ನೊಂದು ವರ್ಷದಿಂದ ಸೌಂಡ್ ನೋಡಿಕೊಳ್ಳುತ್ತಿದ್ದೇನೆ. ಊರಲ್ಲಿ, ಕಾಪು ಕಡೆಯ ಮದುವೆ ಹಾಲುಗಳಲ್ಲಿ ಮೈಕ್ ಕಟ್ಟುತ್ತಿದ್ದವನು; ಇಲ್ಲಿ ಸ್ಪೀಕರು ದೊಡ್ಡದಾಯಿತು, ಕೆಲಸ ಅದೇ. ಹಾಡುವವರು ಆರು ತಿಂಗಳ ಕಾಂಟ್ರಾಕ್ಟಿನಲ್ಲಿ ಬರುತ್ತಾರೆ, ಹೋಗುತ್ತಾರೆ. ಹೆಚ್ಚಿನವರ ಮುಖವೂ ನೆನಪಿಲ್ಲ. ಒಬ್ಬರು ಜರ್ಮನ್ ಹಾಡುಗಾರರನ್ನು ಮಾತ್ರ ಮರೆತಿಲ್ಲ.

ಬಂದಾಗ ಅವರಿಗೆ ಐವತ್ತು ದಾಟಿತ್ತು. ಹರೆಯದಲ್ಲಿ ತಮ್ಮೂರಲ್ಲಿ ರಾಕ್ ಬ್ಯಾಂಡ್ ಕಟ್ಟಿ, ತಾವೇ ಹಾಡು ಬರೆದು, ತಾವೇ ಹಾಡಿ ಮೂರು ಆಲ್ಬಮ್ ತಂದಿದ್ದರಂತೆ. ಆಮೇಲೆ ಬ್ಯಾಂಡ್ ಒಡೆಯಿತು, ಕೇಳುವವರು ಕಡಿಮೆಯಾದರು. ಪ್ರವಾಸಿ ಹಡಗುಗಳಲ್ಲಿ, ಹೋಟೆಲುಗಳಲ್ಲಿ ಬೇರೆಯವರ ಹಾಡು ಹಾಡುತ್ತ ಇಲ್ಲಿಗೆ ತಲುಪಿದ್ದರು. ಇದನ್ನು ಅವರು ಬಸ್ಸು ಬದಲಿಸಿದವರ ಹಾಗೆ ಸಲೀಸಾಗಿ ಹೇಳಿದರು.

ಸಂಜೆ ನಾಲ್ಕಕ್ಕೆ ಸೌಂಡ್ ಚೆಕ್. ಉಳಿದವರು ‘ಚೆಕ್, ಒನ್, ಟೂ’ ಎಂದರೆ ಇವರು ಜೇಬಿನಿಂದ ದಿನಾ ಅವೇ ನಾಲ್ಕು ಮಡಚಿದ ಹಾಳೆ ತೆಗೆದು ಜರ್ಮನ್‌ನಲ್ಲಿ ಏನೋ ಓದುತ್ತಿದ್ದರು. ಏನೆಂದು ಕೇಳಿದೆ. ತಾವೇ ಬರೆದ ಕಾದಂಬರಿ ಎಂದರು. ಹೊಳೆಯಲ್ಲಿ ದೋಣಿ ದಾಟಿಸುವ ಹೆಂಗಸೊಬ್ಬಳು, ಅದೇ ಹೊಳೆಗೆ ಸೇತುವೆ ಕಟ್ಟಲು ಬಂದ ಇಂಜಿನಿಯರನನ್ನು ದಿನಾ ದಾಟಿಸುವ ಕಥೆ. ಇಬ್ಬರು ಪ್ರಕಾಶಕರು ಅದನ್ನು ಹಿಂದಕ್ಕೆ ಕಳಿಸಿದ್ದರು.

ಎರಡು ತಿಂಗಳು ಹೀಗೇ ಕೇಳಿದೆ. ಒಂದಕ್ಷರ ಅರ್ಥವಾಗದಿದ್ದರೂ ದನಿಯ ದಾರಿ ಕಿವಿಗೆ ಗೊತ್ತಾಗಿತ್ತು. ಒಂದು ದಿನ ತಡೆಯಲಾರದೆ ಹೇಳಿಬಿಟ್ಟೆ.

“ಸರ್, ಅರ್ಥ ನನಗೆ ಗೊತ್ತಿಲ್ಲ. ಆದರೆ ಈ ಒಂದು ಜಾಗಕ್ಕೆ ಬಂದಾಗ ದಿನಾ ನಿಮ್ಮ ಸ್ವರ ಬಿದ್ದುಹೋಗುತ್ತದೆ. ಓದಲು ನಿಮಗೇ ಮನಸ್ಸಿಲ್ಲದ ಹಾಗೆ.”

ಅವರು ಹಾಳೆ ಮಡಚಿ ಜೇಬಿಗಿಟ್ಟರು. ಮರುದಿನ ‘ಚೆಕ್, ಒನ್, ಟೂ’ ಎಂದಷ್ಟೇ ಹೇಳಿದರು. ಮೂರು ದಿನ ಹೀಗೇ. ಮನೆಯಲ್ಲಿ ಹೇಳಿದರೆ ಹೆಂಡತಿ ನನ್ನನ್ನೇ ಬೈದಳು: “ನಿಮಗೆ ಯಾಕೆ ಬೇಕಿತ್ತು ಮಾರಾಯ್ರೇ? ಭಾಷೆಯೇ ಬರುದಿಲ್ಲ, ಅಭಿಪ್ರಾಯ ಮಾತ್ರ ಉಂಟು.”

ನಾಲ್ಕನೆಯ ದಿನ ಅವರು ಅರ್ಧ ಗಂಟೆ ಮೊದಲೇ ಬಂದು ನನ್ನ ಪಕ್ಕ ಕೂತರು. ನಾನು ತೋರಿಸಿದ್ದು ಇಂಜಿನಿಯರ್ ಮೊದಲ ಸಲ ದೋಣಿ ಹತ್ತುವ ಪುಟವಂತೆ. “ಅಂಥ ದೋಣಿಯಲ್ಲಿ ನಾನು ಯಾವತ್ತೂ ಕೂತಿಲ್ಲ. ಅಂದಾಜಿನಲ್ಲಿ ಬರೆದೆ. ಅದು ನಿಮಗೆ ಕೇಳಿಸಿತು” ಎಂದರು.

ನನ್ನ ಸೋದರಮಾವ ಊರಿನ ಹೊಳೆಯ ಕಡವಿನಲ್ಲಿ ದೋಣಿ ದಾಟಿಸುತ್ತಿದ್ದವರು. ಅದನ್ನು ಹೇಳಿದೆ. ನೇರ ಆಚೆ ದಡಕ್ಕೆ ಹೊರಟರೆ ಸೆಳೆತಕ್ಕೆ ದೋಣಿ ಕೆಳಗೆಲ್ಲೋ ಹೋಗಿ ಮುಟ್ಟುತ್ತದೆ. ಮಾವ ಬಿದಿರಿನ ಗಳ ಊರುತ್ತ ಮೊದಲು ದಡದ ಬದಿಯಲ್ಲೇ ನೀರಿಗೆ ಎದುರಾಗಿ ಮೇಲಕ್ಕೆ ಹೋಗಿ, ಆಮೇಲೆ ಅಡ್ಡ ಬಿಡುತ್ತಿದ್ದರು. ಹೊಸಬರು ಊರು ಬಿಟ್ಟು ಬೇರೆಲ್ಲಿಗೋ ಹೋಗುತ್ತಿದ್ದಾರೆಂದು ಗಾಬರಿಯಾಗುತ್ತಿದ್ದರು. ಜರ್ಮನ್ ಸರ್ ಹಾಡಿನ ಪಟ್ಟಿಯ ಹಿಂಬದಿಯಲ್ಲಿ ಎಲ್ಲ ಬರೆದುಕೊಂಡರು. ಮಳೆ ಬಂದರೆ, ಹಸು ಹತ್ತಿಸಿದರೆ, ಇಬ್ಬರು ಜಗಳವಾಡಿದರೆ ಮಾವ ಏನು ಮಾಡುತ್ತಿದ್ದರೆಂದು ವಾರಗಟ್ಟಲೆ ಕೇಳಿದರು. ನನ್ನ ಮಾವನ ಬಗ್ಗೆ ಅಷ್ಟು ವಿಚಾರಿಸಿದವರು ನಮ್ಮ ಕುಟುಂಬದಲ್ಲೂ ಇಲ್ಲ.

ಕಾಂಟ್ರಾಕ್ಟ್ ಮುಗಿದಾಗ ಹೋಟೆಲಿನವರಿಗೆ ಇನ್ನು ಹಾಡುಗಾರರು ಬೇಡ, ಡಿಜೆಯೇ ಸಾಕು ಎನಿಸಿತು. ವೀಸಾ ಕ್ಯಾನ್ಸಲ್ ಆಗಿ ಅವರು ಊರಿಗೆ ಹೊರಟರು. ಆ ಹೊತ್ತಿಗೆ ಪುಸ್ತಕವನ್ನು ಮೊದಲಿನಿಂದ ತಿದ್ದಿ ಬರೆದಾಗಿತ್ತು.

ಎರಡು ವರ್ಷದ ಮೇಲೆ ಅಚ್ಚಾದ ಪುಸ್ತಕ, ಜೊತೆಗೊಂದು ಪತ್ರ ಅಂಚೆಯಲ್ಲಿ ಬಂತು. ಮಗಳು ಫೋನಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ದೋಣಿಯ ಪುಟ ಓದಿದಳು. ದೋಣಿ ಮೊದಲು ಮೇಲಕ್ಕೆ ಹೋಗಿತ್ತು. ಪತ್ರದಲ್ಲಿ ಅವರ ಈಗಿನ ಬದುಕಿನ ಸುದ್ದಿ: ಊರೂರಿನ ಲೈಬ್ರರಿಗಳಲ್ಲಿ ಸ್ವಲ್ಪ ಓದುತ್ತಾರೆ, ಸ್ವಲ್ಪ ಹಾಡುತ್ತಾರೆ. ಹಾಡು ಎಲ್ಲವೂ ಸ್ವಂತದ್ದು.

ಕಳೆದ ಚಳಿಗಾಲದಲ್ಲಿ ಅಬುಧಾಬಿಯ ಜರ್ಮನ್ ಕುಟುಂಬಗಳು ಅವರನ್ನು ಒಂದು ಕಾರ್ಯಕ್ರಮಕ್ಕೆ ಕರೆಸಿಕೊಂಡವು. ಸೌಂಡಿಗೆ ನಾನೇ ಬೇಕೆಂದು ಅವರು ಹಠ ಹಿಡಿದರಂತೆ. ರಜೆ ಹಾಕಿ ಹೆಂಡತಿ, ಮಗಳ ಜೊತೆ ಹೋದೆ. ಎಪ್ಪತ್ತೋ ಎಂಬತ್ತೋ ಕುರ್ಚಿ, ಎಲ್ಲ ತುಂಬಿತ್ತು. ಅಲ್ಲಿ ಮೊದಲ ಸಲ ಅವರ ಸ್ವಂತ ಹಾಡು ಕೇಳಿದೆ. ಹೋಟೆಲಿನಲ್ಲಿ ಯಾವತ್ತೂ ಹೊರಡದಿದ್ದ ಒರಟು, ತುಂಬು ಗಂಟಲು. ಕೇಳುತ್ತ ಕೇಳುತ್ತ, ಸೌಂಡ್ ಏರಿಸಬೇಕಾದಲ್ಲಿ ಏರಿಸುವುದನ್ನೇ ಮರೆತೆ.

ಮರುದಿನ ಮಧ್ಯಾಹ್ನ ದುಬೈಯ ಡಿಸ್ಕವರಿ ಗಾರ್ಡನ್ಸಿನ ನಮ್ಮ ಮನೆಗೆ ಊಟಕ್ಕೆ ಬಂದರು. ನೀರುದೋಸೆ, ಕೋಳಿಸಾರು. ಅಷ್ಟು ವರ್ಷ ಬೇರೆಯವರ ಹಾಡು ಹಾಡಿದ್ದಕ್ಕೆ ಬೇಸರವಿಲ್ಲವೇ ಎಂದು ಮಗಳು ಇಂಗ್ಲಿಷಿನಲ್ಲಿ ನೇರ ಕೇಳಿಬಿಟ್ಟಳು. ನನಗೆ ಮುಜುಗರವಾಯಿತು.

ಅವರು “ಇದೆ, ಸ್ವಲ್ಪ” ಎಂದರು. ಆಮೇಲೆ ಹಳೆಯ ಡ್ರಮ್ಮರ್ ಫೋನ್ ಮಾಡಿದ್ದನ್ನು, ಇಬ್ಬರೂ ಸೇರಿ ಹೊಸ ಆಲ್ಬಮ್‌ಗೆ ಕೈಹಾಕಿದ್ದನ್ನು ಹೇಳುತ್ತ ಇನ್ನೆರಡು ದೋಸೆ ಹಾಕಿಸಿಕೊಂಡರು.