ಹೊಟೇಲು ಮಾವನ ಕ್ಯಾಮೆಲಿಯಾ

ಸೌಟು ಹಿಡಿದೂ ಹಿಡಿದೂ ಮಾವನ ಬಲಗೈ ಮಣಿಕಟ್ಟು ಒಂದು ಬದಿಗೆ ವಾಲಿಬಿಟ್ಟಿತ್ತು. ಬೆಳ್ತಂಗಡಿಯ ಹೊಟೇಲು ಮುಚ್ಚಿ ಕಕ್ಕಿಂಜೆಗೆ, ನಮ್ಮ ಪಕ್ಕದ ಮನೆಗೆ ಬಂದ ಮೇಲೂ ಅದು ನೆಟ್ಟಗಾಗಲಿಲ್ಲ. ಬರಿಗೈಯಲ್ಲಿ ಅಂಗಳ ದಾಟುವಾಗಲೂ ಯಾರದೋ ಎಲೆಗೆ ಸಾಂಬಾರು ಬಡಿಸಲು ಹೊರಟವರ ಹಾಗೆ ಕಾಣುತ್ತಿದ್ದರು. ಊರಿನಲ್ಲಿ ನಾನು ಅಣಕಿಸದ ಮನುಷ್ಯರಿಲ್ಲ. ಮಾವ ಎಲ್ಲರಿಗಿಂತ ಸುಲಭ. ಮಣಿಕಟ್ಟು ವಾಲಿಸಿ "ಇನ್ನೊಂದು ಹಾಕುವ" ಅಂದರೆ ಮುಗಿಯಿತು, ಒಳಗಿನಿಂದ ಅತ್ತೆಯೇ "ಎಂತ, ಬಂದಿರಾ?" ಎಂದು ಕೇಳುತ್ತಿದ್ದರು.

ಅಣಕಿಸಲು ಹೋಗಿ, ನೀರುದೋಸೆ ತಿಂದು, ಹೊಟ್ಟೆ ಹಿಡಿದುಕೊಂಡು ವಾಪಸ್ಸು ಬರುವುದು ನನ್ನ ಪಾಡು. "ಸಾಕು" ಎಂಬ ಶಬ್ದ ಅವರ ಕಿವಿಗೆ ಬೀಳುತ್ತಲೇ ಇರಲಿಲ್ಲ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ನಾನು ದೊಡ್ಡ ಸಂಬಳದವನಂತೆ ಉಬ್ಬಿದ್ದು ಅವರ ದಯೆ.

ಇಂಥವರ ಕೈಗೆ ಕ್ಯಾಮೆಲಿಯಾ ಸಿಕ್ಕಿತು. ಊಟಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ತಂದ ಹೂವಿನ ಗಿಡ, ಚಹಾ ಗಿಡದ ಹತ್ತಿರದ ನೆಂಟ. ಘಾಟಿಯಿಂದ ಇಳಿಯುವ ತಂಪು, ಬಾವಿಯ ಬದಿಯ ಅರೆನೆರಳು, ನಮ್ಮ ಹುಳಿ ಗುಣದ ಕೆಂಪು ಮಣ್ಣು ಎಲ್ಲ ಅದಕ್ಕೆ ಒಗ್ಗಿತು. ಒಗ್ಗದ್ದು ಮಾವನ ಉಪಚಾರ. ಬೆಳಿಗ್ಗೆ ಚಹಾದ ಚರಟ, ಮಧ್ಯಾಹ್ನ ನೆಲಗಡಲೆ ಹಿಂಡಿ ಕೊಳೆಸಿದ ನೀರು, ಸಂಜೆ ಬಂಗುಡೆ ಮೀನು ತೊಳೆದ ನೀರು. ವಾಸನೆಗೆ ನಮ್ಮ ಮನೆಯ ಕಿಟಕಿ ತೆರೆದದ್ದೇ ಇಲ್ಲ. ಪ್ರತಿ ಚಳಿಗಾಲ ಮೊಗ್ಗು ಬರುತ್ತಿತ್ತು, ಬಟಾಣಿಯಷ್ಟಾಗಿ ಉದುರುತ್ತಿತ್ತು. ಗಿರಾಕಿ ಅರ್ಧಕ್ಕೇ ಬಿಟ್ಟು ಎದ್ದ ಎಲೆಯನ್ನು ನೋಡುವ ಹಾಗೆ ಮಾವ ಅದನ್ನು ನೋಡುತ್ತಿದ್ದರು. ಸಾಯುವ ಮೊದಲು ಒಂದಾದರೂ ಹೂವು ಕಾಣಬೇಕೆಂಬುದು ಅವರ ಹಟ.

ಮೂಡುಬಿದಿರೆಯ ನರ್ಸರಿಯವರು ಬಿಡಿಸಿ ಹೇಳಿದ್ದರು: ಮೊಗ್ಗು ಕಂಡ ಮೇಲೆ ಹದವಾಗಿ ನೀರು ಮಾತ್ರ, ಹೂವು ಮುಗಿದ ಮೇಲೆ ಸ್ವಲ್ಪ ಗೊಬ್ಬರ. ಬೈಕಿನಲ್ಲಿ ಕರೆದುಕೊಂಡು ಹೋದವನು ನಾನೇ. ಮನೆಗೆ ಬಂದು ನಾನು ಹೆಲ್ಮೆಟ್ ತೆಗೆಯುವ ಮೊದಲೇ ಅವರ ಕೈಯಲ್ಲಿ ಹಿಂಡಿಯ ಬಾಲ್ದಿ.

"ಮಾವ, ನರ್ಸರಿಯವರು ಹೇಳಿದ್ದೆಂತ?"

"ಬಸುರಿಗೆ ಉಪವಾಸ ಹಾಕ್ಲಿಕ್ಕೆ ಉಂಟಾ ಮಾರಾಯ? ಅವನಿಗೆ ಮದುವೆ ಆಗಿರ್ಲಿಕ್ಕಿಲ್ಲ."

"ಅವರಿಗೆ ಮೊಮ್ಮಕ್ಕಳು ಉಂಟು."

"ಹಾಗಾದ್ರೆ ಸೊಸೆ ಪಾಪ."

ನಾನು ಗಿಡದ ಹಿಂದೆ ಕೂತು ಸಣ್ಣ ಸ್ವರದಲ್ಲಿ "ಸಾಕು ಮಾವ, ಹೊಟ್ಟೆ ಬಿರೀತದೆ" ಎಂದೆ. "ದಾಕ್ಷಿಣ್ಯ ಮಾಡ್ಬೇಡ" ಎಂದು ಗಿಡಕ್ಕೆ ಹೇಳಿ ಇನ್ನೊಂದು ಚೊಂಬು ಹೊಯ್ದರು. ಇವರಿಗೆ ಯಾರು ಏನು ಹೇಳುವುದು.

ಹೋದ ವರ್ಷ ಮಳೆ ಬಿಡುವಾಗ ಮಾವ ಹಾಸಿಗೆ ಹಿಡಿದರು. ಹೊಟ್ಟೆಯ ಕಾಯಿಲೆ. ನೋಡಲು ಬಂದವರೆಲ್ಲ ಅವರ ಕೈಯ ಅನ್ನ ಉಂಡವರೇ, ಬರಿಗೈಯಲ್ಲಿ ಯಾರೂ ಬರಲಿಲ್ಲ. ಸೇಬು, ಎಳನೀರು, ಹಲ್ವ. "ಒಂದು ತುಂಡು ತಿನ್ನಿ", "ನಮಗಾಗಿ ತಿನ್ನಿ". ಗಿಡದ ಉಪಚಾರ ನನ್ನ ತಲೆಗೆ ಬಿದ್ದಿತ್ತು. ಒಂದು ಬೆಳಿಗ್ಗೆ, ಹೊಸ ಮೊಗ್ಗು ಕಂಡ ಗಿಡದ ಮುಂದೆ, ಅವರ ಅಪ್ಪಣೆಯಂತೆಯೇ ಬಾಲ್ದಿ ಎತ್ತಿ ನಿಂತಿದ್ದೆ. ಕಿಟಕಿಯ ಒಳಗೆ ಅತ್ತೆ ಗಂಜಿಯ ಚಮಚ ಹಿಡಿದು "ಇನ್ನೊಂದು" ಎನ್ನುತ್ತಿದ್ದರು. ಮಾವ ಬಾಯಿ ಬಿಗಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು.

"ಸಾಕು."

ಅತ್ತೆ ಚಮಚ ಇಳಿಸಿದರು. ಮಾವ ನನ್ನನ್ನೇ ನೋಡುತ್ತಿದ್ದರು. "ನಿನಗೂ ಹೇಳಿದ್ದು. ಹಾಕ್ಬೇಡ. ಅದಕ್ಕೂ ಬೇಡ ಅಂತ ಕಾಣ್ತದೆ."

ನರ್ಸರಿಯವರು, ನಾನು, ಗಿಡ, ಮೂವರೂ ವರ್ಷಗಟ್ಟಲೆ ಬಡಿದುಕೊಂಡದ್ದು ಅದನ್ನೇ. ಬಾಲ್ದಿ ಕೆಳಗಿಟ್ಟೆ.

ಆ ಚಳಿಗೆ ಒಂದು ಮೊಗ್ಗು ನಿಂತು ಅರಳಿತು. ಮಾವನನ್ನು ಕುರ್ಚಿ ಸಮೇತ ಬಾವಿಯ ಹತ್ತಿರ ಹೊತ್ತೊಯ್ದೆವು. ತುಂಬ ಹೊತ್ತು ನೋಡಿದರು. ಬಾಗಿ ಮೂಸಿದರು.

"ಪರಿಮಳವೇ ಇಲ್ಲವಲ್ಲ ಮಾರಾಯ. ಅಷ್ಟು ತಿಂದೂ."

ಬೇಸಗೆಗೆ ಮೊದಲೇ ಹೋದರು. ಈಗಲೂ ಮದುವೆ ಮನೆಗಳಲ್ಲಿ ಜನ ನನ್ನಿಂದ ಮಾವನ ಅಣಕ ಕೇಳುತ್ತಾರೆ. ಮಣಿಕಟ್ಟು ವಾಲಿಸಿ "ಇನ್ನೊಂದು ಹಾಕುವ" ಎನ್ನುತ್ತೇನೆ, ನಗುತ್ತಾರೆ. ಗಿಡದಲ್ಲಿ ಮತ್ತೆ ಮೊಗ್ಗು ಬಂದಿದೆ. ನಿನ್ನೆ ಅತ್ತೆ ಹಿಂಡಿ ನೀರಿನ ಚೊಂಬು ಹಿಡಿದು ಬಂದರು, "ಅವರಿದ್ದಿದ್ರೆ ಹಾಕ್ತಿದ್ರು" ಎನ್ನುತ್ತ. ಮಾವನ ಸ್ವರದಲ್ಲೇ "ಸಾಕು" ಎನ್ನುವ ಎಂದು ಬಾಯಿ ತೆರೆದೆ. ಆ ಒಂದು ಮಾತು ಮಾತ್ರ ಬರಲಿಲ್ಲ. ಚೊಂಬು ತೆಗೆದುಕೊಂಡು ತೆಂಗಿನ ಬುಡಕ್ಕೆ ಹೊಯ್ದೆ.