ನಿಘಂಟು ಮಾಮ ಸಾಕ್ಷಿ ಹೇಳಿದ್ದು

ಕೋರ್ಟಿನ ಗೇಟಿನ ಪಕ್ಕ ಮೇಜು ಹಾಕಿಕೊಂಡು ಅರ್ಜಿ ಟೈಪ್ ಮಾಡುತ್ತಿದ್ದವರನ್ನು ಎಲ್ಲರೂ ನಿಘಂಟು ಮಾಮ ಅಂತಲೇ ಕರೆಯುತ್ತಿದ್ದರು. ಯಾರಾದರೂ ತಕರಾರು ಅಂದರೆ ಸಾಕು, ಅವರ ಬೆರಳು ನಿಂತು ಬಾಯಿ ಓಡುತ್ತಿತ್ತು. "ಅರಬ್ಬಿ ಪದ ಕಣ್ರೀ ಅದು. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳೋದು ಅಂತ ಮೂಲದ ಅರ್ಥ. ನಮ್ಮನೇಲಿ ನಡೆಯೋದೂ ಅದೇ ತಾನೆ?" ಫಿರ್ಯಾದು ಎಂದರೆ ಪಾರಸಿಯಲ್ಲಿ ಕಾಪಾಡಿ ಎಂದು ಹಾಕುವ ಕೂಗಂತೆ. ಬಂದವರಿಗೆ ತಮ್ಮ ಗೋಳೇ ಹಾಸಿ ಹೊದೆಯುವಷ್ಟು ಇರುತ್ತಿತ್ತು. ಆದರೂ ತಲೆಯಾಡಿಸುತ್ತಿದ್ದರು, ಅರ್ಜಿ ಮುಗಿಯಬೇಕಲ್ಲ!

ಮಗಳ ಸಂಸಾರ ಮುರಿದಾಗ ರಾಜಿ ಪತ್ರವನ್ನು ತಾವೇ ಟೈಪ್ ಮಾಡಲು ಕೂತರು. ಮಗು ಅಪ್ಪನ ಮನೆಯಲ್ಲಿರಲಿ, ಭಾನುವಾರ ತಾಯಿಯ ಹತ್ತಿರ ಬರಲಿ ಎಂದು ಗಂಡ ಹೆಂಡತಿ ಬಾಯಿಮಾತಿನಲ್ಲಿ ಒಪ್ಪಿದ್ದರು. ಮಾಮನ ಬೆರಳುಗಳೋ, ಆಸ್ತಿ ಬಿಟ್ಟುಕೊಡುವ ಪತ್ರಗಳನ್ನು ಹೊಡೆದು ಹೊಡೆದು ಪಳಗಿದ್ದವು. ಮಗಳ ಪರವಾಗಿ ಭಾನುವಾರದ ಮಾತು ಬರಬೇಕಾದ ಜಾಗದಲ್ಲಿ ಆ ಪತ್ರಗಳ ಕೊನೆಯ ಸಾಲನ್ನೇ ಹೊಡೆದವು: 'ಇನ್ನು ಮುಂದೆ ನನಗೆ ಯಾವ ಹಕ್ಕೂ ಇರುವುದಿಲ್ಲ.' ಆ ಹೊತ್ತಿಗೆ ಇವರು, ರಾಜಿ ಎಂದರೆ ಮನಸಾರೆ ಒಪ್ಪಿದವನು ಎಂದು ಅಳಿಯನ ವಕೀಲರಿಗೆ ವಿವರಿಸುತ್ತಿದ್ದರು. ಅಪ್ಪ ಮಾಡಿದ್ದಲ್ಲವೇ ಎಂದು ಮಗಳು ಓದದೆ ಸಹಿ ಹಾಕಿದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ಮೊದಲ ಭಾನುವಾರ ಅಳಿಯ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿ ಬಾಗಿಲು ಹಾಕಿಕೊಂಡ. ಒಳಗೆ ಮಗು ಅಮ್ಮಾ ಎಂದು ಚೀರುತ್ತಿತ್ತು. ಮಗಳು ಅಂದಿನಿಂದ ಸರಿಯಾಗಿ ಉಣ್ಣಲಿಲ್ಲ, ನಿದ್ದೆ ಮಾಡಲಿಲ್ಲ.

ಸಾಲು ಕೈತಪ್ಪಿನಿಂದ ಸೇರಿದೆ, ತೆಗೆದುಹಾಕಿ ಎಂದು ಬೇರೆ ಅರ್ಜಿ ಹಾಕಿಸಿದರು. ಅದಕ್ಕೆ ಇದ್ದ ಒಬ್ಬರೇ ಸಾಕ್ಷಿ ನಿಘಂಟು ಮಾಮ.

"ಏನು ಬರೀತಿದೀನಿ ಅಂತ ಗಮನಿಸ್ದೆ ಹೊಡೆದ್ಬಿಟ್ಟೆ, ಸ್ವಾಮಿ" ಎಂದರು. ಜಡ್ಜ್ ಮುಖ ಮೆತ್ತಗಾಯಿತು.

ಅಳಿಯನ ವಕೀಲರು ನಗುತ್ತಾ ಎದ್ದರು. "ಅದಿರ್ಲಿ ಮಾಮ, ಈ ಹಕ್ಕು ಅನ್ನೋ ಪದ ಎಲ್ಲಿಂದ ಬಂತು?"

ಹಾಳಾದ ನಾಲಿಗೆ! ಒಂದು ಗಳಿಗೆ ಸುಮ್ಮನಿದ್ದರೆ ಗಂಟೇನು ಹೋಗುತ್ತಿತ್ತು? ಮಾಮ ಬೆನ್ನು ನೆಟ್ಟಗೆ ಮಾಡಿದರು. "ಅದೂ ಅರಬ್ಬಿನೇ. ಸತ್ಯ ಅಂತ ಮೊದಲ ಅರ್ಥ, ನ್ಯಾಯವಾಗಿ ಸಲ್ಲಬೇಕಾದ್ದು ಅಂತಲೂ ಇದೆ. ಅದು ನನಗಿಲ್ಲ ಅಂತ ಒಂದ್ಸಲ ಬರೆದುಕೊಟ್ರೆ ಮುಗೀತು, ಆಮೇಲೆ..."

ಆಗ ಮಗಳ ಮುಖ ಕಂಡರು.

"ಇಷ್ಟು ಬಲ್ಲವರು ಗಮನಿಸದೆ ಬರೆದ್ರಂತೆ" ಎಂದು ವಕೀಲರು ಕೂತರು. ಅರ್ಜಿ ವಜಾ ಆಯಿತು.

ಮಗಳು ವರಾಂಡದ ಬೆಂಚಿನಲ್ಲಿ ಕೂತಿದ್ದಳು. ಅಳಲೂ ಇಲ್ಲ. ಮಾಮ ಪಕ್ಕದಲ್ಲಿ ಕೂತು ಕೈ ಹಿಡಿಯಲು ಹೋದರೆ ಎಳೆದುಕೊಂಡಳು.

"ಗೊತ್ತಿಲ್ಲ ಅಂತ ಒಂದೇ ಒಂದು ಮಾತು ಹೇಳೋಕಾಗ್ಲಿಲ್ವಾ ಅಪ್ಪ, ನಿಂಗೆ?"